ಗೋಡೆಗೆ ಚಿತ್ತಾರ, ಜೇಬಿಗೆ ಎಷ್ಟು ಭಾರ? ಸೇಲಂ-ಧರ್ಮಪುರಿಯ ಟೆಕ್ಸ್ಚರ್ ಲೆಕ್ಕ

ಧರ್ಮಪುರಿ/ಸೇಲಂ: ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಮನೆ ಕಟ್ಟುವವರು ಕೊಂಚ ಉಸಿರು ಬಿಟ್ಟರು. ಆದರೆ ಮನೆಯ ಖರ್ಚು ಕೈಮೀರುವುದು ಸಿಮೆಂಟಿನಿಂದ ಮಾತ್ರವಲ್ಲ. ತಳಪಾಯ, ಗೋಡೆ, ತಾರಸಿ ಎಲ್ಲ ಮುಗಿದು 'ಇನ್ನೇನು ಬಣ್ಣ ಹೊಡೆದರಾಯಿತು' ಎನ್ನುವ ಹೊತ್ತಿಗೆ ಖರ್ಚಿನ ಎರಡನೇ ಸುತ್ತು ಶುರುವಾಗುತ್ತದೆ. ಆ ಸುತ್ತಿನಲ್ಲಿ ಈಗ ಎದ್ದು ಕಾಣುವ ಹೆಸರು ಟೆಕ್ಸ್ಚರ್. ಅಂದರೆ ಒಳಗೋಡೆಗೆ, ಚಾವಣಿಯ ಒಳಮೈಗೆ ಉಬ್ಬುತಗ್ಗಿನ ಚಿತ್ತಾರ.

ಸೇಲಂನ ಐದು ರಸ್ತೆಯಿಂದ ಧರ್ಮಪುರಿಯ ನಾಲ್ಕು ರಸ್ತೆವರೆಗೆ ಯಾವ ಬಣ್ಣದ ಅಂಗಡಿ ಹೊಕ್ಕರೂ ಮಾದರಿ ಹಲಗೆಗಳು ಸ್ವಾಗತಿಸುತ್ತವೆ. 'ಚದರಡಿಗೆ ಇಷ್ಟು' ಎಂದು ಒಂದೇ ಅಂಕಿ ಹೇಳಿ ಮಾತು ಮುಗಿಸುತ್ತಾರೆ. ಕೇಳಲು ಸುಲಭ, ಒಪ್ಪಲು ಇನ್ನೂ ಸುಲಭ. ಆದರೆ ಗೋಡೆಯ ಮೇಲಿನ ಚಿತ್ತಾರದ ನಿಜವಾದ ಬೆಲೆ ಆ ಒಂದು ಅಂಕಿಯಲ್ಲಿ ಇರುವುದಿಲ್ಲ. ಅದು ಚಿತ್ತಾರಕ್ಕೆ ಮೊದಲು ಗೋಡೆಯನ್ನು ಸಿದ್ಧಪಡಿಸುವುದರಲ್ಲಿ, ಅಳತೆ ಹಿಡಿಯುವ ರೀತಿಯಲ್ಲಿ, ಕೆಲವು ವರ್ಷಗಳ ನಂತರ ಅದನ್ನು ಕೆರೆದು ತೆಗೆಯುವುದರಲ್ಲಿ ಅಡಗಿದೆ. ಮನೆಯವರು ಎಚ್ಚರ ತಪ್ಪುವುದು ಅಲ್ಲಿಯೇ.

ಸುಣ್ಣದಿಂದ ಟೆಕ್ಸ್ಚರ್‌ವರೆಗೆ

ಈ ಎರಡು ಜಿಲ್ಲೆಗಳಲ್ಲಿ ಗೋಡೆಗೆ ಅಂದ ಕೊಡುವುದು ಹೊಸ ವಿಷಯವೇನಲ್ಲ. ಪೊಂಗಲ್ ಹತ್ತಿರ ಬಂತೆಂದರೆ ಮನೆ ಮನೆಗೆ ಸುಣ್ಣ ಬಳಿಯುವುದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ತಲೆಮಾರುಗಳ ರೂಢಿ. ಕನ್ನಡ, ತೆಲುಗು ಮನೆಮಾತಿನ ಕುಟುಂಬಗಳು ಇದೇ ಕೆಲಸವನ್ನು ಯುಗಾದಿಗೂ ಮಾಡುತ್ತಿದ್ದವು. ಸುಣ್ಣ ಅಗ್ಗ. ಮನೆಯವರೇ ಕುಂಚ ಹಿಡಿಯಬಹುದಿತ್ತು. ವರ್ಷಕ್ಕೊಮ್ಮೆ ಬಳಿದರೂ ಹೊರೆ ಎನಿಸುತ್ತಿರಲಿಲ್ಲ. ಮೇಲಾಗಿ ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ.

ಉಳ್ಳವರ ಮನೆಗಳಲ್ಲಿ ಗಾರೆ ಸಾರಣೆ ಇರುತ್ತಿತ್ತು. ಸುಣ್ಣವನ್ನು ಕೊಳೆಹಾಕಿ, ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲದ ನೀರು ಸೇರಿಸಿ ಅರೆದು, ಪದರ ಪದರವಾಗಿ ಮೆತ್ತಿ ತೀಡುವ ಕೆಲಸ ಅದು. ಕಾರೈಕುಡಿ ಸುತ್ತಿನ ಚೆಟ್ಟಿನಾಡು ಮನೆಗಳಲ್ಲಿ ಅದಕ್ಕೆ ಮೊಟ್ಟೆಯ ಬಿಳಿಯನ್ನೂ ಬೆರೆಸಿ ಕನ್ನಡಿಯಂತೆ ಹೊಳೆಯಿಸುತ್ತಿದ್ದರು. ಅಂಥ ಗೋಡೆಗಳು ಹತ್ತಾರು ವರ್ಷ ಬಣ್ಣ ಕೇಳದೆ ನಿಂತಿವೆ. ಗಮನಿಸಬೇಕಾದ್ದು ಇಷ್ಟೇ: ಆಗ ಒಳ್ಳೆಯ ಗೋಡೆ ಎಂದರೆ ನುಣುಪಾದ ಗೋಡೆ. ಈಗ ಕಾಸು ಕೊಟ್ಟು ಒರಟು ಮಾಡಿಸಿಕೊಳ್ಳುವ ಕಾಲ.

ಈ ಫ್ಯಾಷನ್ ಬಂದ ದಾರಿಯೂ ಸ್ಪಷ್ಟ. ಧರ್ಮಪುರಿ ಜಿಲ್ಲೆಯಿಂದ ಕಟ್ಟಡ ಕೆಲಸಕ್ಕೆಂದು ಬೆಂಗಳೂರು, ಹೊಸೂರಿಗೆ ಹೋಗುವವರು ಸಾವಿರ ಸಾವಿರ. ಗಾರೆ, ಸೆಂಟ್ರಿಂಗ್, ಪೇಂಟಿಂಗ್ ಯಾವುದಿದ್ದರೂ ಸೈ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ರೋಲರ್ ಹಿಡಿದು ಕಲಿತ ಕೈಕೆಲಸವನ್ನು ಅವರೇ ಊರಿಗೆ ತಂದರು. ದೊಡ್ಡ ಕಂಪನಿಗಳ ಜಾಹೀರಾತು ಉಳಿದ ಕೆಲಸ ಮಾಡಿತು. ಏಷ್ಯನ್ ಪೇಂಟ್ಸ್‌ನ ರಾಯಲ್ ಪ್ಲೇ, ಬಿರ್ಲಾ ವೈಟ್‌ನ ಟೆಕ್ಸ್ಚುರಾ ಮುಂತಾದ ಹೆಸರುಗಳು ಈಗ ಪೆನ್ನಾಗರಂ, ಪಾಲಕ್ಕೋಡಿನ ಮನೆಗಳಿಗೂ ಹೊಸವಲ್ಲ.

ಒಂದೇ ಹೆಸರು, ಮೂರು ಸರಕು

ಗೊಂದಲ ಹುಟ್ಟುವುದೇ ಹೆಸರಿನಿಂದ. 'ಟೆಕ್ಸ್ಚರ್' ಎಂಬ ಒಂದೇ ಮಾತಿನಡಿ ಅಂಗಡಿಯಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸರಕುಗಳಿವೆ.

ಮೊದಲನೆಯದು ಬಣ್ಣದ ಆಟ. ಗೋಡೆ ಸಮತಟ್ಟಾಗಿಯೇ ಇರುತ್ತದೆ. ಅದರ ಮೇಲೆ ಸ್ಪಂಜು, ಬಾಚಣಿಗೆ, ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಳೆಯಿಂದ ಹೊಳಪಿನ ಬಣ್ಣವನ್ನು ಎಳೆದು ಕಣ್ಣಿಗೆ ಉಬ್ಬುತಗ್ಗಿನ ಭ್ರಮೆ ತರಿಸುತ್ತಾರೆ. ಮುಟ್ಟಿದರೆ ನುಣುಪು. ಬೇಡವಾದಾಗ ಮೇಲೆ ಬೇರೆ ಬಣ್ಣ ಹೊಡೆದರೆ ಮುಗಿಯಿತು.

ಎರಡನೆಯದು ನಿಜವಾದ ಟೆಕ್ಸ್ಚರ್. ಹಿಟ್ಟಿನಂತೆ ಗಟ್ಟಿಯಾದ ಮಿಶ್ರಣವನ್ನು ಕರಣೆಯಿಂದ ಮೆತ್ತಿ, ಒಣಗುವ ಮೊದಲೇ ರೋಲರ್ ಅಥವಾ ಕರಣೆಯ ಅಂಚಿನಿಂದ ಗೀರು ಎಬ್ಬಿಸುತ್ತಾರೆ. ಎರಡು ಮೂರು ಮಿಲಿಮೀಟರ್ ದಪ್ಪ ಬರುತ್ತದೆ. ಮೇಲೆ ಒಂದೆರಡು ಕೋಟ್ ಬಣ್ಣ. ಇದನ್ನು ತೆಗೆಯಬೇಕೆಂದರೆ ಕೆರೆಯಲೇಬೇಕು.

ಮೂರನೆಯದು ಚಾವಣಿಯ ಅಲಂಕಾರ. ಪಿಒಪಿ ಅಂಚುಪಟ್ಟಿ, ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗ್, ಅದರೊಳಗೆ ಅಡಗಿಸಿದ ದೀಪಗಳು. ಇದು ಬಣ್ಣದ ಕೆಲಸಕ್ಕಿಂತ ಹೆಚ್ಚಾಗಿ ಚೌಕಟ್ಟು ಕಟ್ಟುವ ಕೆಲಸ.

ಈ ಮೂರಕ್ಕೂ ದರ ಬೇರೆ, ಆಯುಷ್ಯ ಬೇರೆ, ತೊಂದರೆಯೂ ಬೇರೆ. ಯಾವುದು ಎಂದು ಕೇಳದೆ 'ಚದರಡಿಗೆ ಎಷ್ಟು' ಎಂದು ಕೇಳುವುದು ಸೀರೆ ನೋಡದೆ ಬೆಲೆ ಕಟ್ಟಿದಂತೆ.

ಒಂದು ಕೋಣೆಯ ಲೆಕ್ಕ

ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆ ಎಂದಿಟ್ಟುಕೊಳ್ಳಿ. ನಾಲ್ಕೂ ಗೋಡೆಗಳ ಸುತ್ತಳತೆ 44 ಅಡಿ. ಎತ್ತರದಿಂದ ಗುಣಿಸಿದರೆ 440 ಚದರಡಿ. ಒಂದು ಬಾಗಿಲು 21 ಚದರಡಿ, ಎರಡು ಕಿಟಕಿ ಸೇರಿ 32 ಚದರಡಿ. ಒಟ್ಟು 53 ಕಳೆದರೆ ಉಳಿಯುವುದು 387 ಚದರಡಿ ಗೋಡೆ. ಚಾವಣಿ 120 ಚದರಡಿ. ಎರಡೂ ಸೇರಿ 507.

ದರ ಊರಿಂದೂರಿಗೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಲೆಕ್ಕಕ್ಕೆಂದು ಮಾತ್ರ, ಕೂಲಿಯೂ ಸೇರಿ ಪುಟ್ಟಿ-ಪ್ರೈಮರ್-ಎಮಲ್ಷನ್ ಕೆಲಸಕ್ಕೆ ಚದರಡಿಗೆ 28 ರೂ., ಉಬ್ಬು ಟೆಕ್ಸ್ಚರಿಗೆ 80 ರೂ., ಸಾದಾ ಜಿಪ್ಸಂ ಫಾಲ್ಸ್ ಸೀಲಿಂಗಿಗೆ 90 ರೂ. ಎಂದು ಹಿಡಿಯೋಣ. ಓದುಗರು ತಮ್ಮೂರಿನ ದರ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಬಹುದು.

- ಎಲ್ಲ ಗೋಡೆ, ಚಾವಣಿಗೆ ಸಾದಾ ಬಣ್ಣ: 507 ಚದರಡಿಗೆ 14,196 ರೂ.
- ಬಾಗಿಲು ಕಿಟಕಿ ಇಲ್ಲದ ಒಂದು ಗೋಡೆಗೆ (120 ಚದರಡಿ) ಮಾತ್ರ ಟೆಕ್ಸ್ಚರ್, ಉಳಿದದ್ದು ಸಾದಾ: 20,436 ರೂ.
- ನಾಲ್ಕೂ ಗೋಡೆಗೆ ಟೆಕ್ಸ್ಚರ್, ಚಾವಣಿಗೆ ಸಾದಾ ಬಣ್ಣ: 34,320 ರೂ.
- ನಾಲ್ಕೂ ಗೋಡೆಗೆ ಟೆಕ್ಸ್ಚರ್, ಜೊತೆಗೆ ಫಾಲ್ಸ್ ಸೀಲಿಂಗ್ ಕಟ್ಟಿಸಿ ಅದಕ್ಕೂ ಬಣ್ಣ: 45,120 ರೂ. ದೀಪ, ವೈರಿಂಗ್ ಬೇರೆ.

ಒಂದೇ ಗೋಡೆಗೆ ಮಾಡಿಸಿದರೆ ಹೆಚ್ಚಿಗೆ ಬೀಳುವುದು 6,240 ರೂ. ನಾಲ್ಕಕ್ಕೂ ಮಾಡಿಸಿದರೆ 20,124 ರೂ. ಹಾಲ್ ಮತ್ತು ಎರಡು ಮಲಗುವ ಕೋಣೆ ಇದೇ ಅಳತೆಯವು ಎಂದುಕೊಂಡರೆ, ಚಾವಣಿಯನ್ನು ಮುಟ್ಟದೆಯೇ 60 ಸಾವಿರ ರೂಪಾಯಿ ಹೆಚ್ಚುವರಿ ಖರ್ಚು.

ಇದನ್ನು ಬಡವರ ಮನೆಯ ಬೆಲೆಯ ಪಕ್ಕ ಇಟ್ಟು ನೋಡಿ. ತಮಿಳುನಾಡು ಸರ್ಕಾರ 2024-25ರ ಬಜೆಟ್ಟಿನಲ್ಲಿ ಘೋಷಿಸಿದ 'ಕಲೈಞರಿನ್ ಕನವು ಇಲ್ಲಂ' ಯೋಜನೆಯಲ್ಲಿ 360 ಚದರಡಿಯ ಇಡೀ ಮನೆಗೆ ನಿಗದಿಯಾದ ಮೊತ್ತ 3.5 ಲಕ್ಷ ರೂ. ಅಂಥ ಮನೆಯಲ್ಲಿ ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂದೇ ಒಂದು ಗೋಡೆಗೆ 80 ರೂ. ದರದಲ್ಲಿ ಟೆಕ್ಸ್ಚರ್ ಮಾಡಿಸಿದರೂ 8,000 ರೂ. ಅಂದರೆ ಮನೆಯ ಮೊತ್ತದಲ್ಲಿ ನೂರಕ್ಕೆ ಎರಡೂ ಕಾಲು ಪಾಲು. 'ಒಂದು ಗೋಡೆ ತಾನೇ' ಎಂಬ ಮಾತು ಎಲ್ಲರಿಗೂ ಒಂದೇ ತೂಕದ್ದಲ್ಲ.

ಅಳತೆಯಲ್ಲಿ ಹೋಗುವ ದುಡ್ಡು

ದರ ಒಪ್ಪಿಕೊಂಡ ಮೇಲೆ ಜಗಳ ಹುಟ್ಟುವುದು ಅಳತೆಯಲ್ಲಿ. ಬಾಗಿಲು ಕಿಟಕಿ ಕಳೆಯಬೇಕೋ ಬೇಡವೋ? ಮೇಲಿನ ಲೆಕ್ಕದಲ್ಲಿ 53 ಚದರಡಿ ಕಳೆಯದೆ ಬಿಟ್ಟರೆ ಒಂದು ಕೋಣೆಗೇ 4,240 ರೂ. ವ್ಯತ್ಯಾಸ. ಪೇಂಟರ್ ಹೇಳುವುದರಲ್ಲೂ ನ್ಯಾಯವಿದೆ. ಕಿಟಕಿಯ ಒಳಪಕ್ಕೆ, ಮೂಲೆ, ಸ್ವಿಚ್ ಬೋರ್ಡಿನ ಸುತ್ತ ಕೆಲಸ ನಿಧಾನ, ಶ್ರಮವೂ ಹೆಚ್ಚು. ಹಾಗಾಗಿ 'ತೂತು ಕಳೆಯುವುದಿಲ್ಲ' ಎಂಬುದು ಹಲವರ ಪದ್ಧತಿ. ತಪ್ಪು ಪದ್ಧತಿಯಲ್ಲಿಲ್ಲ, ಅದನ್ನು ಮೊದಲೇ ಹೇಳದಿರುವುದರಲ್ಲಿದೆ.

ಇನ್ನೊಂದು ತೆರಿಗೆಯ ಮಾತು. ಬಣ್ಣ ಮತ್ತು ಪುಟ್ಟಿಗೆ 2017ರ ಜುಲೈಯಲ್ಲಿ ಶೇ. 28 ಜಿಎಸ್‌ಟಿ ಬಿದ್ದಿತ್ತು. ಅದು 2018ರ ಜುಲೈ 27ರಿಂದ ಶೇ. 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರಿನ ಬದಲಾವಣೆಯಲ್ಲಿ ಸಿಮೆಂಟಿಗೆ ಸಿಕ್ಕ ಇಳಿಕೆ ಬಣ್ಣಕ್ಕೆ ಸಿಗಲಿಲ್ಲ. ಡಬ್ಬಿಯ ಮೇಲಿನ ಬೆಲೆಯಲ್ಲಿ ಈ ತೆರಿಗೆ ಸೇರಿಯೇ ಇರುತ್ತದೆ. ಹೀಗಿರುವಾಗ ಜಿಎಸ್‌ಟಿ ನೋಂದಣಿಯೇ ಇಲ್ಲದ ಗುತ್ತಿಗೆದಾರ ಕೂಲಿಯ ಮೇಲೆ ಮತ್ತೆ ಶೇ. 18 ಸೇರಿಸಿ ಕೇಳಿದರೆ ಕೊಡಬೇಕಾಗಿಲ್ಲ. ನೋಂದಣಿ ಇಲ್ಲದವರು ಆ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ.

ಕಂಪನಿಗಳ ನಡುವಿನ ಪೈಪೋಟಿಯೂ ಮನೆಯವರ ಆಯ್ಕೆಯನ್ನು ತಿರುಗಿಸುತ್ತದೆ. 2021ರಲ್ಲಿ ಕಚ್ಚಾ ತೈಲ ದುಬಾರಿಯಾದಾಗ ಬಣ್ಣದ ಕಂಪನಿಗಳು ಹಲವು ಬಾರಿ ದರ ಏರಿಸಿದವು. 2024ರ ಫೆಬ್ರವರಿಯಲ್ಲಿ ಗ್ರಾಸಿಂ ಸಂಸ್ಥೆ ಬಿರ್ಲಾ ಓಪಸ್ ಹೆಸರಿನಲ್ಲಿ ಕಣಕ್ಕಿಳಿದ ಮೇಲೆ ಸ್ಪರ್ಧೆ ಬಿಸಿಯಾಯಿತು. ಈ ಸ್ಪರ್ಧೆಯ ಲಾಭ ನೇರವಾಗಿ ಮನೆಯವರ ಕೈಗೆ ಬರುವುದು ಕಡಿಮೆ. ಡಬ್ಬಿಯೊಳಗೆ ಟೋಕನ್, ಮೊಬೈಲಿನಲ್ಲಿ ಪಾಯಿಂಟ್ ಎಂದು ಅದು ಪೇಂಟರ್ ಹಾಗೂ ಡೀಲರ್ ಕಡೆಗೆ ಹರಿಯುತ್ತದೆ. ದುಡಿಯುವ ಪೇಂಟರಿಗೆ ಅದೊಂದು ಪುಟ್ಟ ಆದಾಯ, ತಪ್ಪಲ್ಲ. ಆದರೆ 'ಈ ಕಂಪನಿಯದೇ ಹಾಕಿಸಿ' ಎಂಬ ಸಲಹೆಯ ಹಿಂದೆ ಗೋಡೆಯ ಹಿತ ಎಷ್ಟು, ಟೋಕನ್ ಹಿತ ಎಷ್ಟು ಎಂದು ಮನೆಯವರು ಯೋಚಿಸಬೇಕಾಗುತ್ತದೆ.

ಮಳೆ ನಿಂತ ಮೇಲೆ, ತೈ ಹುಟ್ಟುವ ಮೊದಲು

ಎಲ್ಲಕ್ಕಿಂತ ದೊಡ್ಡ ನಷ್ಟಕ್ಕೆ ಕಾರಣ ತೇವ. ಈ ಭಾಗದಲ್ಲಿ ಅದಕ್ಕೂ ಪಂಚಾಂಗಕ್ಕೂ ನೇರ ನಂಟಿದೆ.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮುಂಗಾರಿನ ಕಾಲ. ಮಾರ್ಗಳಿ ತಿಂಗಳಲ್ಲಿ ಶುಭಕಾರ್ಯ ಮಾಡುವುದಿಲ್ಲ. ಜನವರಿ ನಡುವೆ ತೈ ತಿಂಗಳು ಹುಟ್ಟಿತೆಂದರೆ ಗೃಹಪ್ರವೇಶಗಳ ಸಾಲು. ಹೀಗಾಗಿ ಮಳೆಯಲ್ಲಿ ನೆನೆದ ಗೋಡೆಗೆ, ಅದು ಒಣಗುವ ಮೊದಲೇ, ಮುಹೂರ್ತದ ಅವಸರದಲ್ಲಿ ಪುಟ್ಟಿ ಮೆತ್ತಿ ಟೆಕ್ಸ್ಚರ್ ಎಳೆಯುವುದು ವರ್ಷ ವರ್ಷವೂ ನಡೆಯುವ ಕಥೆ. ಗೋಡೆ ವರ್ಷದಲ್ಲೇ ಅತಿ ಹೆಚ್ಚು ತೇವವಾಗಿರುವ ಹೊತ್ತಿನಲ್ಲಿ ಅದರ ಮೇಲೆ ಅತಿ ದುಬಾರಿ ಪದರ ಕೂರಿಸಿದಂತೆ ಆಗುತ್ತದೆ.

ಮುಂದೇನಾಗುತ್ತದೆ? ಟೆಕ್ಸ್ಚರ್ ಮಿಶ್ರಣದಲ್ಲಿರುವುದು ಅಕ್ರಿಲಿಕ್ ಅಂಟು. ಸುಣ್ಣದಂತೆ ಅದು ಉಸಿರಾಡುವುದಿಲ್ಲ. ಬೇಸಗೆಯಲ್ಲಿ ಸೇಲಂ ಬಿಸಿಲು 40 ಡಿಗ್ರಿ ಮುಟ್ಟುವಾಗ ಒಳಗಿನ ತೇವ ಹೊರಬರಲು ದಾರಿ ಹುಡುಕುತ್ತದೆ. ದಾರಿ ಸಿಗದೆ ಪದರವನ್ನೇ ತಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಹಕ್ಕಳೆ. ತೇವದ ಜೊತೆ ಉಪ್ಪೂ ಹೊರಬಂದು ಗೋಡೆಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ.

ಉಪ್ಪಿನ ಮೂಲ ಹಲವು ಕಡೆ ಕೊಳವೆಬಾವಿಯ ನೀರೇ. ಧರ್ಮಪುರಿಯ ಅಂತರ್ಜಲ ಗಡಸು. ಅದರಲ್ಲಿನ ಫ್ಲೋರೈಡಿನಿಂದ ಜನ ಬಳಲಿದ ಕಾರಣಕ್ಕೇ ಕಾವೇರಿ ನೀರು ತರುವ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಆರಂಭವಾಯಿತು. ಗೋಡೆಯನ್ನು ಕೆಡಿಸುವುದು ಫ್ಲೋರೈಡ್ ಅಲ್ಲ, ನೀರಿನಲ್ಲಿ ಕರಗಿರುವ ಇತರ ಲವಣಗಳು. ಕುಡಿಯಲು ಕಾವೇರಿ ಬಂದರೂ ಗಾರೆ ಕಲಸಲು, ಗೋಡೆಗೆ ನೀರುಣಿಸಲು ಎಷ್ಟೋ ಊರುಗಳಲ್ಲಿ ಬೋರ್‌ವೆಲ್ ನೀರೇ ಗತಿ.

ಮರಳಿನದು ಇನ್ನೊಂದು ಪಾಡು. ನದಿ ಮರಳು ಸಿಗುವುದು ಕಷ್ಟವಾದ ಮೇಲೆ ಕಲ್ಲು ಪುಡಿ ಮಾಡಿ ತೆಗೆದ ಎಂ-ಸ್ಯಾಂಡ್, ಸಾರಣೆಗೆ ನಯವಾದ ಪಿ-ಸ್ಯಾಂಡ್ ಬಳಕೆಗೆ ಬಂತು. ತಮಿಳುನಾಡು ಸರ್ಕಾರ 2023ರಲ್ಲಿ ಎಂ-ಸ್ಯಾಂಡ್ ನೀತಿಯನ್ನೇ ತಂದಿತು. ಸರಿಯಾಗಿ ತೊಳೆದು ಜರಡಿ ಹಿಡಿದ ಪಿ-ಸ್ಯಾಂಡಿನಿಂದ ತೊಂದರೆಯಿಲ್ಲ. ಆದರೆ ಅಗ್ಗವೆಂದು ಕ್ರಷರ್ ಧೂಳನ್ನೇ ಬೆರೆಸಿದರೆ ಸಾರಣೆಯಲ್ಲಿ ಕೂದಲೆಳೆಯ ಬಿರುಕುಗಳು ಬೀಳುತ್ತವೆ. 'ಬಿರುಕು ಮುಚ್ಚಲು ಟೆಕ್ಸ್ಚರ್ ಒಳ್ಳೆಯದು' ಎಂಬ ಸಲಹೆ ಬರುವುದು ಆಗಲೇ. ಟೆಕ್ಸ್ಚರ್ ಬಿರುಕನ್ನು ಕಣ್ಣಿಗೆ ಮರೆಮಾಡುತ್ತದೆ, ವಾಸಿ ಮಾಡುವುದಿಲ್ಲ. ಸಡಿಲ ಸಾರಣೆಯ ಮೇಲೆ ಭಾರ ಹೇರಿದರೆ ಎರಡೂ ಒಟ್ಟಿಗೆ ಕಳಚಿ ಬೀಳುತ್ತವೆ.

ಭಾರವೆಂದರೆ ಎಷ್ಟು? ಉಬ್ಬು ಟೆಕ್ಸ್ಚರಿಗೆ ಚದರ ಮೀಟರಿಗೆ 3 ಕೆ.ಜಿ. ಮಿಶ್ರಣ ಹಿಡಿದರೂ ನಮ್ಮ ಲೆಕ್ಕದ ಕೋಣೆಯ ಗೋಡೆಗಳು (ಸುಮಾರು 36 ಚದರ ಮೀಟರ್) ಹೊರುವುದು 100 ಕೆ.ಜಿ.ಗೂ ಮೀರಿದ ಪದರ.

ಗೋಡೆ ಒಣಗಿದೆಯೇ ಎಂದು ತಿಳಿಯಲು ಯಂತ್ರವೇನೂ ಬೇಡ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಗೋಡೆಗೆ ಬಿಗಿದು ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ಗೋಡೆ ಇನ್ನೂ ಸಿದ್ಧವಾಗಿಲ್ಲ ಎಂದರ್ಥ. ಕೆಲವೇ ರೂಪಾಯಿಯ ಈ ಪರೀಕ್ಷೆ ಸಾವಿರಾರು ರೂಪಾಯಿ ಉಳಿಸುತ್ತದೆ.

ತಲೆಯ ಮೇಲಿನ ಚಿತ್ತಾರ

ಗೋಡೆಯದು ಒಂದು ತೂಕವಾದರೆ ಚಾವಣಿಯದು ಇನ್ನೊಂದು. ಆರ್‌ಸಿಸಿ ಚಾವಣಿಯ ಒಳಮೈಗೆ ಮೆತ್ತುವ ಸಾರಣೆ ಸಾಮಾನ್ಯವಾಗಿ 6 ಮಿಲಿಮೀಟರ್ ಮಾತ್ರ. ಅದು ಕಾಂಕ್ರೀಟನ್ನು ಕಚ್ಚಿ ಹಿಡಿದಿರುವ ಬಲದ ಮೇಲೆ ನಿಂತಿರುತ್ತದೆ. ಅದರ ಮೇಲೆ ಉಬ್ಬು ಟೆಕ್ಸ್ಚರ್ ಎಂದರೆ 120 ಚದರಡಿಗೆ 33 ಕೆ.ಜಿ.ಯಷ್ಟು ಹೆಚ್ಚಿನ ಭಾರ, ಅದೂ ತಲೆಯ ಮೇಲೆ. ಮೇಲಿನ ತಾರಸಿ ಒಂದು ಮಳೆಗೆ ಸೋರಿದರೂ ಮೊದಲು ಕಳಚುವುದು ಇದೇ ಪದರ.

ಚಾವಣಿಗೆ ಟೆಕ್ಸ್ಚರ್ ಹಚ್ಚಿ ಪಶ್ಚಾತ್ತಾಪ ಪಟ್ಟ ದೇಶವೂ ಇದೆ. ಅಮೆರಿಕದಲ್ಲಿ 1950ರ ದಶಕದ ನಂತರ ಚಾವಣಿಗೆ ಅರಳಿನಂಥ ಉಬ್ಬು ಪದರವನ್ನು ಪಿಚಕಾರಿಯಂತೆ ಸಿಂಪಡಿಸುವುದು ಜನಪ್ರಿಯವಾಯಿತು. ಅಲ್ಲಿನವರು ಅದನ್ನು ಪಾಪ್‌ಕಾರ್ನ್ ಸೀಲಿಂಗ್ ಎನ್ನುತ್ತಾರೆ. ಕೆಲಸ ಬೇಗ ಮುಗಿಯುತ್ತಿತ್ತು, ಹಲಗೆಯ ಜೋಡಣೆಯ ದೋಷ ಮುಚ್ಚುತ್ತಿತ್ತು, ಖರ್ಚೂ ಕಡಿಮೆ. ಆದರೆ ಹಲವು ಮಿಶ್ರಣಗಳಲ್ಲಿ ಕಲ್ನಾರು ಇತ್ತು. ಅಲಂಕಾರಕ್ಕಾಗಿ ಕಲ್ನಾರು ಸಿಂಪಡಿಸುವುದನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1978ರಲ್ಲಿ ನಿಷೇಧಿಸಿತು. ಅಗ್ಗವೆಂದು ಹಚ್ಚಿದ ಪದರವನ್ನು ತೆಗೆಸಲು ಮನೆಯವರು ಮೊದಲು ಪ್ರಯೋಗಾಲಯದ ಪರೀಕ್ಷೆ, ನಂತರ ಪರಿಣತ ಕೆಲಸಗಾರರು ಎಂದು ಹಲವು ಪಟ್ಟು ಹಣ ತೆರಬೇಕಾಯಿತು. ನಮ್ಮಲ್ಲಿ ಈಗ ಮಾರುವ ಅಕ್ರಿಲಿಕ್ ಟೆಕ್ಸ್ಚರ್ ಬೇರೆಯೇ ಸರಕು. ಪಾಠ ಮಾತ್ರ ಒಂದೇ: ಹಚ್ಚುವುದಕ್ಕಿಂತ ತೆಗೆಯುವುದು ದುಬಾರಿ.

ಹಳ್ಳಿ ಪಟ್ಟಣವೆನ್ನದೆ ಇಲ್ಲಿನ ಮನೆಗಳಿಗೆ ಚಾವಣಿಯ ಒಳಮೈಗಿಂತ ಹೊರಮೈಯೇ ಮುಖ್ಯ. ತಾರಸಿಯ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟ್ ಹಾಸಿ, ಅದರ ಮೇಲೆ ಚಪ್ಪಟೆ ಹೆಂಚು ಕೂರಿಸುವ ಪದ್ಧತಿ ತಮಿಳುನಾಡಿನಲ್ಲಿ ಹಳೆಯದು. ನೀರನ್ನೂ ಬಿಸಿಲನ್ನೂ ತಡೆಯುವ ಆ ಕೆಲಸಕ್ಕೆ ಹಣ ಸಾಲದೆಂದು ಬಿಟ್ಟು, ಒಳಗೆ ಫಾಲ್ಸ್ ಸೀಲಿಂಗ್ ಕಟ್ಟಿಸಿದರೆ ಸೋರಿದ್ದು ಕಣ್ಣಿಗೆ ಕಾಣುವುದೂ ತಡವಾಗುತ್ತದೆ.

ಏಳು ವರ್ಷದ ಚಿತ್ತಾರ, ಇಪ್ಪತ್ತು ವರ್ಷದ ಕಂತು

ಈ ಖರ್ಚನ್ನು ಬಹುಪಾಲು ಮಂದಿ ಕೈಯಲ್ಲಿರುವ ಕಾಸಿನಿಂದ ಮಾಡುವುದಿಲ್ಲ. ಮನೆ ಸಾಲಕ್ಕೇ ಸೇರಿಸುತ್ತಾರೆ ಅಥವಾ ಕೊನೆಯ ಹಂತದಲ್ಲಿ ಒಡವೆ ಅಡ ಇಟ್ಟು ಹೊಂದಿಸುತ್ತಾರೆ.

ಮೇಲಿನ 60 ಸಾವಿರ ರೂ. ಹೆಚ್ಚುವರಿ ಖರ್ಚನ್ನು ಶೇ. 9 ಬಡ್ಡಿಯ 20 ವರ್ಷದ ಮನೆ ಸಾಲಕ್ಕೆ ಸೇರಿಸಿದರೆ ತಿಂಗಳ ಕಂತು 540 ರೂ. ಹೆಚ್ಚುತ್ತದೆ. ಕೇಳಲು ಏನೂ ಅಲ್ಲ. 240 ಕಂತು ಮುಗಿಯುವ ಹೊತ್ತಿಗೆ ಕಟ್ಟಿದ ಮೊತ್ತ ಸುಮಾರು 1.3 ಲಕ್ಷ ರೂ. ಚಿತ್ತಾರ ಏಳು ವರ್ಷ ಚೆನ್ನಾಗಿ ಬಾಳಿತು ಎಂದುಕೊಂಡರೂ ಅದನ್ನು ಕೆರೆದು ಹೊಸ ಬಣ್ಣ ಹೊಡೆಸಿದ ಮೇಲೂ ಹದಿಮೂರು ವರ್ಷ ಹಳೆಯ ಚಿತ್ತಾರದ ಕಂತು ಕಟ್ಟುತ್ತಿರಬೇಕು. ಇನ್ನು ನೂರಕ್ಕೆ ತಿಂಗಳಿಗೆ 2 ರೂ. ಬಡ್ಡಿಯ ಕೈಸಾಲವಾದರೆ ಬಡ್ಡಿಯೇ ತಿಂಗಳಿಗೆ 1,200, ವರ್ಷಕ್ಕೆ 14,400 ರೂ. ಅಸಲು ಇದ್ದಲ್ಲೇ ಇರುತ್ತದೆ.

ನಡುವೆ ನಿರ್ವಹಣೆಯ ಖರ್ಚೂ ಉಂಟು. ಉಬ್ಬುತಗ್ಗಿನ ಮೈಗೆ ಬಣ್ಣ ಹೆಚ್ಚು ಬೇಕು, ಕುಂಚ ಸಂದಿಗೆ ಹೋಗಬೇಕು, ಸಮಯವೂ ಹೆಚ್ಚು. ಧೂಳು ಒರೆಸುವುದು ಇನ್ನೂ ಕಷ್ಟ. ಸೇಲಂನ ಅಮ್ಮಾಪೇಟೆ, ಗುಗೈ ಭಾಗದ ನೇಕಾರ ಮನೆಗಳಲ್ಲಿ ಇದು ಮುಖ್ಯ ವಿಷಯ. ಕನ್ನಡ, ತೆಲುಗು ಮನೆಮಾತಿನ ದೇವಾಂಗ ಕುಟುಂಬಗಳಲ್ಲಿ ಮನೆಯೂ ಮಗ್ಗವೂ ಒಂದೇ ಸೂರಿನಡಿ ಇರುವುದುಂಟು. ಮಗ್ಗದಿಂದ ಏಳುವ ನೂಲಿನ ಎಳೆ, ಜುಂಗು ಒರಟು ಗೋಡೆಗೆ ಕಚ್ಚಿಕೊಂಡರೆ ಪೊರಕೆಗೂ ಬಟ್ಟೆಗೂ ಬಗ್ಗುವುದಿಲ್ಲ. ಅಡುಗೆಮನೆಯ ಎಣ್ಣೆ ಜಿಡ್ಡಿನದೂ ಇದೇ ಕಥೆ. ಮಗ್ಗದ ಕೋಣೆ, ಅಡುಗೆಮನೆ, ಉಬ್ಬಸ ಇರುವವರು ಮಲಗುವ ಕೋಣೆ ಈ ಮೂರಕ್ಕೆ ನುಣುಪು ಗೋಡೆಯೇ ಸರಿ.

ಬಿಲ್ಲಿನಲ್ಲಿ ಬರೆಯದ ಬೆಲೆ

ಇಷ್ಟೆಲ್ಲ ಲೆಕ್ಕದಲ್ಲೂ ಸೇರದ ಒಂದು ಬೆಲೆ ಇದೆ. ಅದನ್ನು ತೆರುವವನು ಪೇಂಟರ್.

ಪುಟ್ಟಿ ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಿಳಿ ಧೂಳು ಮಂಜಿನಂತೆ ಕವಿಯುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ನಯವಾದ ಧೂಳು ನಿಲ್ಲುವುದಿಲ್ಲ. ಹಳೆಯ ಟೆಕ್ಸ್ಚರ್ ಕೆರೆಯುವಾಗ ಕೆಳಗಿನ ಸಾರಣೆಯೂ ಏಳುತ್ತದೆ. ಅದರಲ್ಲಿರುವುದು ಮರಳು, ಅಂದರೆ ಸಿಲಿಕಾ. ಗ್ರಾನೈಟ್ ಕಲ್ಲಿನ ಎಂ-ಸ್ಯಾಂಡಿನಲ್ಲೂ ಅದು ಇದೆ. ಸಿಲಿಕಾ ಧೂಳು ವರ್ಷಾನುಗಟ್ಟಲೆ ಒಳಹೋದರೆ ಶ್ವಾಸಕೋಶ ಗಡುಸಾಗುತ್ತದೆ, ಆ ಕಾಯಿಲೆ ವಾಸಿಯಾಗುವಂಥದ್ದಲ್ಲ. ಹಳೆಯ ಮನೆಗಳ ಎನಾಮೆಲ್ ಬಣ್ಣ ಉಜ್ಜುವಾಗ ಸೀಸದ ಭಯವೂ ಇದೆ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಿಂದ. ಅದಕ್ಕೂ ಮೊದಲಿನ ಪದರಗಳು ಎಷ್ಟೋ ಗೋಡೆ, ಬಾಗಿಲುಗಳ ಮೇಲೆ ಉಳಿದಿವೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಆ ಧೂಳು ಅವರಿಗೂ ಅಪಾಯ.

ಪರಿಹಾರ ದುಬಾರಿಯೇನಲ್ಲ. ನೀರು ಚಿಮುಕಿಸಿ ಕೆರೆಯುವುದು, ಕಿಟಕಿ ತೆರೆದಿಡುವುದು, ಬಟ್ಟೆಯ ಬದಲು ಧೂಳು ಸೋಸುವ ಎನ್-95 ಮಾಸ್ಕ್ ಕೊಡುವುದು. ಎರಡು ಮೂರು ಮಂದಿ ಕೆಲಸಗಾರರಿಗೆ ಮಾಸ್ಕಿನ ಖರ್ಚು ಒಂದು ಡಬ್ಬಿ ಬಣ್ಣದ ಬೆಲೆಯಷ್ಟೂ ಆಗುವುದಿಲ್ಲ. ಕೂಲಿಯ ಒಪ್ಪಂದದಲ್ಲಿ ಅದನ್ನು ಸೇರಿಸುವವರು ಮಾತ್ರ ವಿರಳ.

ತಮಿಳುನಾಡಿನಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ 1994ರಷ್ಟು ಹಿಂದೆಯೇ ಹುಟ್ಟಿದೆ. ಪೇಂಟರುಗಳೂ ಅದರ ವ್ಯಾಪ್ತಿಗೆ ಬರುತ್ತಾರೆ. ಕೇಂದ್ರದ 1996ರ ಕಾಯ್ದೆ ನೋಂದಣಿಗೆ ಇಟ್ಟ ಷರತ್ತು, ವಯಸ್ಸು 18ರಿಂದ 60, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ. ತೊಡಕಾಗುವುದು ಗಡಿ ದಾಟುವವರಿಗೆ. ಕರ್ನಾಟಕದ ಮಂಡಳಿಯೇ ಬೇರೆ. ಆರು ತಿಂಗಳು ಬೆಂಗಳೂರು, ಮೂರು ತಿಂಗಳು ಊರು ಎಂದು ಓಡಾಡುವ ಧರ್ಮಪುರಿಯ ಪೇಂಟರಿಗೆ ತೊಂಬತ್ತು ದಿನದ ಕೆಲಸಕ್ಕೆ ದಾಖಲೆ ತೋರಿಸುವುದೇ ಕಷ್ಟ. ಬೆಂಗಳೂರಿನ ಗೋಡೆಗಳನ್ನು ಚಂದ ಮಾಡಿದವನ ಹೆಸರು ಎರಡೂ ಕಡೆಯ ಪಟ್ಟಿಯಲ್ಲಿ ಇಲ್ಲದೆ ಹೋಗಬಹುದು.

ಮಾಡಿಸುವುದಾದರೆ ಹೀಗೆ

ಇಷ್ಟು ಹೇಳಿದ ಮಾತ್ರಕ್ಕೆ ಟೆಕ್ಸ್ಚರ್ ಬೇಡವೇ ಬೇಡ ಎಂದಲ್ಲ. ಸ್ವಂತ ಮನೆ ಎಂಬುದು ಎಷ್ಟೋ ಮಂದಿಗೆ ಜೀವನದಲ್ಲಿ ಒಮ್ಮೆ ಆಗುವ ಕೆಲಸ. ಹಾಲಿಗೆ ಬಂದವರ ಕಣ್ಣು ಮೊದಲು ಬೀಳುವ ಒಂದು ಗೋಡೆ ಚಂದವಾಗಿರಲಿ ಎಂಬ ಆಸೆ ತಪ್ಪಲ್ಲ. ಆದರೆ ಖರ್ಚಿನ ಸರದಿ ಸರಿಯಾಗಿರಲಿ. ಮೊದಲು ತಾರಸಿಯ ನೀರುತಡೆ, ನಂತರ ಸ್ನಾನದಮನೆಯ ಗೋಡೆ ಮತ್ತು ಹೊರಗೋಡೆಯ ತೇವ, ಆಮೇಲೆ ಸಾರಣೆಯ ಬಿರುಕು. ಕೊನೆಗೆ ಚಿತ್ತಾರ.

ಮಾಡಿಸುವವರು ಈ ನಾಲ್ಕು ಮಾತು ಕಾಗದದ ಮೇಲೆ ಬರೆಸಿಕೊಂಡರೆ ಸಾಕು:

- ಸಮತಟ್ಟು ಬಣ್ಣದ ಆಟವೋ, ಉಬ್ಬು ಟೆಕ್ಸ್ಚರೋ? ಯಾವ ಕಂಪನಿ, ಯಾವ ಹೆಸರು?
- ದರದಲ್ಲಿ ಪುಟ್ಟಿ, ಪ್ರೈಮರ್, ಮೇಲಿನ ಬಣ್ಣ, ಕೂಲಿ ಎಲ್ಲ ಸೇರಿದೆಯೇ?
- ಬಾಗಿಲು ಕಿಟಕಿ ಕಳೆಯುತ್ತಾರೋ ಇಲ್ಲವೋ? ಒಟ್ಟು ಚದರಡಿ ಎಷ್ಟು?
- ಒಂದು ಮಳೆಗಾಲ ಕಳೆಯುವುದರೊಳಗೆ ಹಕ್ಕಳೆ ಎದ್ದರೆ ಸರಿಪಡಿಸುವವರು ಯಾರು? ಅಲ್ಲಿಯವರೆಗೆ ಎಷ್ಟು ಹಣ ತಡೆಹಿಡಿಯಬಹುದು?

ಈ ಚೀಟಿ ಮನೆಯವರಿಗೆ ಮಾತ್ರವಲ್ಲ, ಪೇಂಟರಿಗೂ ರಕ್ಷೆ. ತೇವದ ಗೋಡೆಗೆ ಅವಸರದಲ್ಲಿ ಹಚ್ಚಿಸಿಕೊಂಡು ಆಮೇಲೆ ಕೂಲಿ ಹಿಡಿಯುವ ಮನೆಯವರೂ ಇದ್ದಾರೆ. 'ಗೋಡೆ ಒಣಗಿಲ್ಲ, ಒಂದು ತಿಂಗಳು ಬಿಡಿ' ಎಂದು ಪೇಂಟರ್ ಹೇಳಿದ್ದು ಬರಹದಲ್ಲಿದ್ದರೆ ದೂರು ಅವನ ತಲೆಗೆ ಬರುವುದಿಲ್ಲ.

ಗುತ್ತಿಗೆ ಕೆಲಸ ಕೆಟ್ಟರೆ ಕೇಳುವವರೂ ಇದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯ ಕೊರತೆಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ, ತೊಂದರೆ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಅಲ್ಲಿ ಬೇಕಾಗುವುದು ಬಿಲ್ಲು, ಒಪ್ಪಂದದ ಚೀಟಿ, ಫೋಟೋ. ಬಾಯಿಮಾತಿನ ಕೆಲಸಕ್ಕೆ ಸಾಕ್ಷಿ ಹುಡುಕುವುದು ಕಷ್ಟ.

ಮುಹೂರ್ತದ ವಿಷಯದಲ್ಲೂ ಒಂದು ದಾರಿಯಿದೆ. ಗೃಹಪ್ರವೇಶಕ್ಕೆ ಪ್ರೈಮರ್ ಮತ್ತು ಒಂದು ಕೋಟ್ ಬಿಳಿ ಬಣ್ಣ ಸಾಕು. ಟೆಕ್ಸ್ಚರನ್ನು ಬೇಸಗೆಗೆ, ಗೋಡೆ ಚೆನ್ನಾಗಿ ಒಣಗಿದ ಮೇಲೆ, ಮಾರ್ಚ್-ಏಪ್ರಿಲ್ ಹೊತ್ತಿಗೆ ಮಾಡಿಸಿದರಾಯಿತು. ಅಷ್ಟರಲ್ಲಿ ಮನೆಯಲ್ಲಿ ಎರಡು ತಿಂಗಳು ಬಾಳಿ ನೋಡಿದಂತಾಗಿ, ಯಾವ ಗೋಡೆಗೆ ಚಿತ್ತಾರ ಬೇಕು, ಯಾವುದಕ್ಕೆ ಬೇಡ ಎಂಬುದೂ ತಿಳಿಯುತ್ತದೆ. ನಾಲ್ಕು ಗೋಡೆಯ ಆಸೆ ಒಂದಕ್ಕೆ ಇಳಿದರೆ ಒಂದೊಂದು ಕೋಣೆಗೂ 14 ಸಾವಿರದಷ್ಟು ಉಳಿಯುತ್ತದೆ.